ಹಳೇ ಬೋಟಿನ ಪೆಟ್ರೋಲ್ ಲೈನ್: ಸಹಾಯ ಬೇಕು

ಹಾರಂಗಿ ಹಿನ್ನೀರಿನ ಹತ್ತಿರದ ನಮ್ಮ ತೋಟದಲ್ಲಿ ಮಾವನವರ ಕಾಲದ ಫೈಬರ್ ಬೋಟ್ ಇದೆ. ಟೂ-ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರ್ (ಬೋಟಿನ ಹಿಂದೆ ಹೊರಗಡೆ ಸಿಕ್ಕಿಸೋ ಇಂಜಿನ್), ಕಬ್ಬಿಣದ ಟ್ಯಾಂಕ್. ನಮ್ಮ ಕೊಡಗಿನ ಮಳೆ ಗೊತ್ತಲ್ಲ, ಶೆಡ್ಡಲ್ಲಿದ್ರೂ ಟ್ಯಾಂಕ್ ಒಳಗೆ ನೀರು, ತುಕ್ಕು. ಬಸಿದು, ವಿನೆಗರ್ ತುಂಬಿಟ್ಟು, ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು ಒಣಗಿಸಿದೆ. ಪೈಪ್ ಮುಟ್ಟಿದ್ರೆ ಅಂಟ್ತಿತ್ತು (ಎಥನಾಲ್ ಪೆಟ್ರೋಲ್ ಹಳೇ ರಬ್ಬರನ್ನ ಬಿಡಲ್ಲ), ಅದನ್ನೂ ಫಿಲ್ಟರನ್ನೂ ಬದಲಾಯಿಸಿದೆ.

ಆದ್ರೂ ಸ್ವಲ್ಪ ಹೊತ್ತು ಓಡಿ ಇಂಜಿನ್ ನಿಲ್ಲುತ್ತೆ. ಪೈಪಿನ ಮಧ್ಯದ ರಬ್ಬರ್ ಬಲ್ಬ್ (ಕೈಯಲ್ಲಿ ಒತ್ತಿ ಪೆಟ್ರೋಲ್ ತಳ್ಳೋ ಉಂಡೆ) ಒತ್ತುತ್ತಾ ಇದ್ರೆ ಮಾತ್ರ ಓಡುತ್ತೆ. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದೇ ಇದೆ, ಎಲ್ಲೂ ಸೋರ್ತಿಲ್ಲ. ಬಲ್ಬ್ ಚಪ್ಪಟೆ ಆಗಿದ್ರೆ ಟ್ಯಾಂಕ್ ಕಡೆ ಬ್ಲಾಕ್ ಅನ್ಬಹುದಿತ್ತು. ಇದು ಚಪ್ಪಟೆ ಆಗಲ್ಲ, ಗಟ್ಟಿಯೂ ಆಗಲ್ಲ. ಕುಶಾಲನಗರದ ಮೆಕ್ಯಾನಿಕ್ ಒಬ್ರು ಇಂಜಿನ್‌ಗೆ ಪೆಟ್ರೋಲ್ ಎಳೆಯೋ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹೋಗಿದೆ ಅಂತಾರೆ. ನನಗೆ ಜಾಯಿಂಟಲ್ಲಿ ಗಾಳಿ ಎಳೀತಿದೆ ಅಂತ ಅನುಮಾನ.

ಪಂಪ್ ಬಿಚ್ಚದೇನೇ ಇವೆರಡರಲ್ಲಿ ಯಾವುದು ಅಂತ ಪತ್ತೆ ಮಾಡೋದು ಹೇಗೆ?