ಪ್ಲೈವುಡ್ ತಯಾರಕರ ಸಂಘಕ್ಕೆ ಸೇರಬೇಕಾ? ಚಂದಾ ದಂಡ ಅಲ್ವಾ?

ಬೈಕಂಪಾಡಿ ಪ್ರೆಸ್:
ನನ್ನದು ಚಿಕ್ಕ ಪ್ಲೈವುಡ್ ಘಟಕ. ಇರುವುದು ಒಂದೇ ಹಾಟ್ ಪ್ರೆಸ್ (ಅಂಟು ಹಚ್ಚಿದ ಪದರಗಳನ್ನು ಬಿಸಿಯಲ್ಲಿ ಒತ್ತುವ ಯಂತ್ರ). ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ಮರದ ವಿನಿಯರ್ (ತೆಳು ಮರದ ಹಾಳೆ) ಬಳಸುತ್ತೇವೆ. ಸಂಘದವರು ಸದಸ್ಯರಾಗಿ ಎಂದು ಬೆನ್ನು ಬಿದ್ದಿದ್ದಾರೆ. ನಾನು ಕಂಡಂತೆ ವರ್ಷಕ್ಕೊಂದು ಊಟ, ಒಂದಿಷ್ಟು ಶಾಲು, ಮತ್ತೆ ರೇಟ್ ಏರಿಸುವ ಸುತ್ತೋಲೆ. ಇಷ್ಟಕ್ಕೆ ಸುಮ್ನೆ ದುಡ್ಡು ಯಾಕೆ?

ಹಳೇ ಲ್ಯಾಬ್‌ನವ, ಉಡುಪಿ:
ಶಾಲು ಬಿಡಿ ಮಾರಾಯ್ರೆ, ಅದು ಎಲ್ಲಾ ಸಂಘದಲ್ಲೂ ಉಂಟು. ಆ ಸುತ್ತೋಲೆಗೆ ಮಾತ್ರ ಕೈ ಹಾಕಬೇಡಿ. ಒಟ್ಟಿಗೆ ಕೂತು ಬೆಲೆ ಗೊತ್ತು ಮಾಡುವುದು 2002ರ ಸ್ಪರ್ಧಾ ಕಾಯ್ದೆ ಪ್ರಕಾರ ತಪ್ಪು. ಸಂಘದ ಹೆಸರಲ್ಲಿ ಮಾಡಿದರೂ ತಪ್ಪೇ.

ನೀವು ಕೇಳಬೇಕಾದ್ದು ಒಂದೇ: ಸಂಘಕ್ಕೆ ಮಾಲು ಪರೀಕ್ಷಿಸುವ ಲ್ಯಾಬ್ ಉಂಟಾ? ಯಾಕೆ ಅಂತ ಹೇಳ್ತೇನೆ.

ಅಮೆರಿಕದ ಟಕೋಮಾದಲ್ಲಿ 1933ರಲ್ಲಿ ಡಗ್ಲಸ್ ಫರ್ ಪ್ಲೈವುಡ್ ಅಸೋಸಿಯೇಷನ್ ಎಂಬ ತಯಾರಕರ ಸಂಘ ಶುರುವಾಯಿತು. ಆಗ ಪ್ಲೈವುಡ್‌ಗೆ ಒಳ್ಳೆ ಹೆಸರಿರಲಿಲ್ಲ. ನೀರು ತಾಗಿದರೆ ಪದರ ಬಿಡುತ್ತಿತ್ತು. 1934ರಲ್ಲಿ ಜೇಮ್ಸ್ ನೆವಿನ್ ಎಂಬುವರು ನೀರಿಗೆ ಜಗ್ಗದ ಅಂಟು ಮಾಡಿದರು. ಅಂಟು ಬಂತು, ಆದರೆ ಕೊಳ್ಳುವವನು ನಂಬಬೇಕಲ್ಲ? ಪ್ರತಿ ಕಾರ್ಖಾನೆಯೂ ನಮ್ಮದೇ ಗಟ್ಟಿ ಎಂದು ಕೂಗಿದರೆ ಯಾರು ಕೇಳುತ್ತಾರೆ? ಎಲ್ಲರಿಗೂ ಒಂದೇ ಮಟ್ಟ ಇಟ್ಟು, ಮಾಲು ಪರೀಕ್ಷಿಸಿ, ಸಂಘದ್ದೇ ಮುದ್ರೆ ಹಾಕಿಸಿದರು. ಅದೇ ಸಂಘ ಈಗ ಎಪಿಎ. ಒಎಸ್‌ಬಿ (ಮರದ ಚೂರು ಒತ್ತಿದ ಹಲಗೆ), ಗ್ಲೂಲಾಮ್‌ಗೂ (ಹಲಗೆ ಅಂಟಿಸಿ ಮಾಡಿದ ತೊಲೆ) ಅದರ ಮುದ್ರೆ ಉಂಟು.

ನಮ್ಮಲ್ಲಿ ಮುದ್ರೆ ಸಂಘದ್ದಲ್ಲ, ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನದ್ದು. 2025ರಿಂದ ಪ್ಲೈವುಡ್‌ಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಮಾಮೂಲಿ ಪ್ಲೈಗೆ ಐಎಸ್ 303 ಎಂಬ ಮಾನದಂಡ, ನೀರು ತಾಳುವ ಮರೀನ್ ಪ್ಲೈಗೆ ಐಎಸ್ 710. ಒಂದು ಪ್ರೆಸ್ ಇಟ್ಟುಕೊಂಡವರಿಗೆ ಪರೀಕ್ಷೆಯ ಖರ್ಚೇ ಜಾಸ್ತಿ ಭಾರ. ನಾಲ್ಕು ಘಟಕ ಸೇರಿ ಒಂದು ಲ್ಯಾಬ್ ನಡೆಸುವುದಕ್ಕೆ ಸಂಘ ಬೇಕು. ಇಲ್ಲದಿದ್ದರೆ ಊಟ ಮಾಡಿ ಬನ್ನಿ, ಸಾಕು.

ಕಾಪು ಆಚಾರಿ:
ನಾನು ಹಲಗೆ ಕೊಯ್ಯುವವನು. 710 ಎಂದು ಮುದ್ರೆ ಇದ್ದ ಪ್ಲೈಯನ್ನೇ ಸಿಂಕ್ ಅಡಿಗೆ ಹಾಕಿದ್ದೆ. ಒಂದೇ ಮಳೆಗಾಲಕ್ಕೆ ಅಂಚು ಉಬ್ಬಿತು. ಬೈಗುಳ ನನಗೆ. ಅಂಥ ಮಾಲು ಮಾಡುವವರನ್ನು ಸಂಘ ಹೊರಗೆ ಹಾಕುತ್ತದಾ?

ಹಳೇ ಲ್ಯಾಬ್‌ನವ, ಉಡುಪಿ:
ಹಾಕುವ ಧೈರ್ಯ ಇರಬೇಕು. ಹೆಚ್ಚು ಚಂದಾ ಕೊಡುವವನೇ ಕಳ್ಳ ಮಾಲಿನವನಾದರೆ ಕಷ್ಟ. ನೀವು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಲಗೆ ಮೇಲಿನ ಲೈಸೆನ್ಸ್ ನಂಬರ್ ನೋಡಿ. ಸಂಶಯ ಇದ್ದರೆ ಒಂದು ತುಂಡು ಕುದಿಸಿ. ಮರೀನ್ ಪ್ಲೈ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಗ್ಯಾಸ್ ಬೇಡ, ಬಚ್ಚಲ ಒಲೆ ಸಾಕು.

ಬೈಕಂಪಾಡಿ ಪ್ರೆಸ್:
ಲ್ಯಾಬ್ ವಿಷಯ ಫೋನಲ್ಲಿ ಕೇಳಿದೆ. "ಮುಂದಿನ ಸಭೆಯಲ್ಲಿ ಇಡೋಣ, ಮೊದಲು ಚಂದಾ ಕಟ್ಟಿ" ಎಂದರು. ಸಭೆ ಆಗಲಿ, ಆಮೇಲೆ ಕಟ್ಟುತ್ತೇನೆ ಎಂದೆ.