ನೈದಿಲೆ, ಅಂತರಗಂಗೆ, ಜೊಂಡು: ಯಾವುದಕ್ಕೆ ಯಾವ ಹೆಸರು?

ಬಳಗದವರಿಗೆ ನಮಸ್ಕಾರ.

ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಕೆಲವರು ಹಿತ್ತಿಲಿನಲ್ಲಿ ಪುಟ್ಟ ಕೊಳ ಕಟ್ಟಿಸಿ, ಕಪ್ಪೆ, ಹಕ್ಕಿ, ಏರೋಪ್ಲೇನ್ ಚಿಟ್ಟೆಗಳು ಬರಲಿ ಎಂದು ನಮ್ಮ ನೆಲದ ನೀರುಗಿಡಗಳನ್ನೇ ಬೆಳೆಸಲು ಹೊರಟಿದ್ದಾರೆ. ಅವರಿಗೆ ಕನ್ನಡದಲ್ಲಿ ಗಿಡಗಳ ಪಟ್ಟಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೆಸರುಗಳ ವಿಷಯದಲ್ಲಿ ನಿಮ್ಮ ನೆರವು ಬೇಕು.

ಮೊದಲು ನೈದಿಲೆ. ಕಾವ್ಯದಲ್ಲಿ ಸೂರ್ಯನಿಗೆ ತಾವರೆ, ಚಂದ್ರನಿಗೆ ನೈದಿಲೆ. ಬಿಳಿ, ಕೆಂಪು ನೈದಿಲೆಗಳ ಮಟ್ಟಿಗೆ ಇದು ದಿಟ. ಕತ್ತಲಾದ ಮೇಲೆ ಅರಳಿ ಮರುದಿನ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತವೆ. ನೀಲಿ ಹೂವಿನದು ಮಾತ್ರ ಕವಿಗಳ ಮಾತು ಕೇಳುವುದಿಲ್ಲ: ಬೆಳಗ್ಗೆ ಅರಳಿ ಮಧ್ಯಾಹ್ನದ ಮೇಲೆ ಮುದುಡುತ್ತದೆ. ಹಗಲಿನಲ್ಲಿ ಜೇನ್ನೊಣ ಬರಲಿ ಎನ್ನುವವರು ನೆಡಬೇಕಾದದ್ದು ಇದನ್ನು. ಸಂಸ್ಕೃತದಲ್ಲಿ ರಾತ್ರಿ ಅರಳುವ ಕುಮುದ ಬೇರೆ, ನೀಲಿಯ ಇಂದೀವರ ಬೇರೆ. ಹಳಗನ್ನಡದಲ್ಲೂ ನೀಲಿಗೆ 'ಕನ್ನೆಯ್ದಿಲ್' ಎಂಬ ಪದವಿತ್ತು. ಇದರಲ್ಲಿನ 'ಕನ್' ಎಂದರೆ ಕಪ್ಪು; ಆಗ ಕಪ್ಪು ಎನ್ನುವುದರಲ್ಲಿ ಕಡುನೀಲಿಯೂ ಅಡಗಿತ್ತು. ನನಗೆ 'ಕನ್ನೈದಿಲೆ' ಎಂದೇ ಬರೆಯುವ ಆಸೆ. ಆದರೆ ಓದುವವರು ಅದನ್ನು ಕೆನ್ನೈದಿಲೆಯ ಅಚ್ಚಿನ ದೋಷವೆಂದುಕೊಂಡು ಕೆಂಪು ಹೂವಿನ ಗಿಡ ತಂದರೆ? 'ನೀಲಿ ನೈದಿಲೆ' ಎಂದರೆ ಸಾಕೇ?

ನರ್ಸರಿಗಳಲ್ಲಂತೂ ಎಲ್ಲವೂ 'ಕಮಲ'. ಎಲೆ ನೋಡಿದರೆ ಗೊಂದಲ ಉಳಿಯದು. ನೈದಿಲೆಯ ಎಲೆ ನೀರಿನ ಮೇಲೆ ಮಲಗಿರುತ್ತದೆ, ತೊಟ್ಟಿನವರೆಗೆ ಸೀಳಿರುತ್ತದೆ. ತಾವರೆಯ ಎಲೆಗೆ ಸೀಳಿಲ್ಲ. ಬಲಿತ ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ಕಪ್ಪೆ ಕೂರಲು ನೈದಿಲೆಯ ಎಲೆಯೇ ಅನುಕೂಲ.

ಇನ್ನು ಅಂತರಗಂಗೆ. ನಾನು ತಿಳಿದ ಅಂತರಗಂಗೆ ಎಲೆಕೋಸಿನಂತೆ ಸುತ್ತು ಎಲೆಗಳ, ಮಖಮಲ್ಲಿನಂಥ ಮೈಯ ತೇಲುಗಿಡ. ಪತ್ರಿಕೆಗಳಲ್ಲಿ 'ಕೆರೆ ತುಂಬ ಅಂತರಗಂಗೆ' ಎಂಬ ಸುದ್ದಿಯ ಚಿತ್ರ ನೋಡಿದರೆ ಅಲ್ಲಿರುವುದು ಎಷ್ಟೋ ಸಲ ಉಬ್ಬಿದ ತೊಟ್ಟು, ತಿಳಿನೇರಳೆ ಹೂವಿನ, ದಕ್ಷಿಣ ಅಮೆರಿಕದಿಂದ ಬಂದ ಕಳೆ. ಎರಡೂ ನೀರಿನ ಮೇಲೆ ಚಾಪೆ ಹಾಸಿ ಬೆಳಕನ್ನು ತಡೆಯುವಂಥವೇ, ಹಾಗಾಗಿ ಪಟ್ಟಿಯಲ್ಲಿ ಎರಡನ್ನೂ ಸೇರಿಸುವುದಿಲ್ಲ. 'ಇದನ್ನು ತರಬೇಡಿ' ಎಂದು ಎಚ್ಚರಿಸಲಾದರೂ ಎರಡನೆಯದಕ್ಕೆ ಬೇರೆ ಹೆಸರು ಬೇಕಲ್ಲ! ಬರೀ 'ಜಲಕಳೆ' ಎಂದರೆ ಯಾವುದಕ್ಕೂ ಅನ್ವಯಿಸುತ್ತದೆ.

ಕೊನೆಯದಾಗಿ ಜೊಂಡು, ಜಂಬು, ಆಪು. ಮೇಣದ ಬತ್ತಿಯಂಥ ಕಂದು ತೆನೆ ಬಿಡುವ, ನೀರಿನಿಂದ ನೆಟ್ಟಗೆ ಏಳುವ ಗಿಡಕ್ಕೆ ಈ ಮೂರರಲ್ಲಿ ಯಾವುದು ಖಚಿತ? ಚಿಕ್ಕ ಕೊಳದಲ್ಲಿ ಇದನ್ನು ಕುಂಡದಲ್ಲೇ ಕಟ್ಟಿಹಾಕಬೇಕು, ಬಿಟ್ಟರೆ ಕೊಳವನ್ನೇ ನುಂಗುತ್ತದೆ. ಆದರೂ ಇಂಥ ದಂಟು ಇರಲೇಬೇಕು. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲಿ ಬೆಳೆದು ದಂಟನ್ನು ಹಿಡಿದು ಮೇಲೇರಿ, ಬೆನ್ನು ಸೀಳಿ ರೆಕ್ಕೆಯೊಡನೆ ಹೊರಬರುತ್ತದೆ. ಒಣಗಿದ ಪೊರೆ ಅಲ್ಲೇ ಕಚ್ಚಿಕೊಂಡಿರುತ್ತದೆ.

ಸೂಳೆಕೆರೆಯ ಸುತ್ತಿನವರು, ಸಂತೆಬೆನ್ನೂರು, ಹೊಳಲ್ಕೆರೆ ಕಡೆಯವರು ಬಳಗದಲ್ಲಿದ್ದರೆ ನಿಮ್ಮ ಮನೆಯ ಹಿರಿಯರು ಬಳಸುವ ಹೆಸರನ್ನು, ಗಿಡದ ಚಿತ್ರದೊಡನೆ, ದಯವಿಟ್ಟು ಕಳಿಸಿ. ನಿಘಂಟಿನ ಅರ್ಥಗಳನ್ನು ನಾನೇ ನೋಡಿಕೊಳ್ಳುತ್ತೇನೆ.