ಅಪ್‌ಡೇಟ್: ಇಸುಜು ಎಂಜಿನ್ ಕೂರಿಸಿದ ಅಂಬಾಸಿಡರ್‌ನ ಸ್ಟಾರ್ಟರ್ ಸ್ವಿಚ್

ಹಳೆಯ 1489 ಸಿಸಿ ಎಂಜಿನ್ ತೆಗೆಸಿ ಇಸುಜು 1.8 ಪೆಟ್ರೋಲ್ ಎಂಜಿನ್ ಕೂರಿಸಿದ ನನ್ನ ಅಂಬಾಸಿಡರ್‌ನಲ್ಲಿ, ಕೀ ಬಿಟ್ಟ ಮೇಲೂ ಸ್ಟಾರ್ಟರ್ (ಎಂಜಿನ್ ತಿರುಗಿಸಿ ಚಾಲೂ ಮಾಡುವ ಮೋಟಾರು) ಕ್ಷಣಕಾಲ ಕಚ್ಚಿಕೊಂಡೇ ಕರಕರ ಸದ್ದು ಮಾಡುತ್ತದೆ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು, ಸಮಸ್ಯೆ ಬಗೆಹರಿದಿದೆ.

ಹಳೆಯ ಸ್ಟಾರ್ಟರಿನ ಸೊಲೆನಾಯ್ಡ್, ಅಂದರೆ ಕೀ ತಿರುಗಿಸಿದಾಗ ಸ್ಟಾರ್ಟರಿಗೆ ಬ್ಯಾಟರಿಯ ಕರೆಂಟ್ ಹಾಯಿಸುವ ವಿದ್ಯುತ್ಕಾಂತದ ಸ್ವಿಚ್, ಬಾನೆಟ್ಟಿನೊಳಗೆ ಪ್ರತ್ಯೇಕವಾಗಿತ್ತು. ಇಸುಜುವಿನದು ಸ್ಟಾರ್ಟರ್ ಮೋಟಾರಿನ ಬೆನ್ನ ಮೇಲೆಯೇ ಇದೆ. ವೈರಿಂಗ್ ಮಾಡಿದವರು ಎರಡನ್ನೂ ಉಳಿಸಿ, ಕೀ ಹಳೆಯದನ್ನು ನಡೆಸಿದಾಗ ಅದರ ಮೂಲಕವೇ ಹೊಸದಕ್ಕೆ ಕರೆಂಟ್ ಬರುವಂತೆ ಮಾಡಿ, ಹೊಸದರ ಬ್ಯಾಟರಿ ಬೋಲ್ಟಿಗೂ ಸ್ವಿಚ್ಚಿನ ತಂತಿ ಸೇರುವ ಸಣ್ಣ ಟರ್ಮಿನಲ್ಲಿಗೂ ತಾಮ್ರದ ಪಟ್ಟಿಯೊಂದನ್ನು ಜೋಡಿಸಿದ್ದರು. ಹೀಗಿದ್ದಾಗ ಕೀ ಬಿಟ್ಟರೂ, ಇನ್ನೂ ತಿರುಗುತ್ತಿರುವ ಮೋಟಾರು ತಾನೇ ಡೈನಮೋದಂತೆ ವಿದ್ಯುತ್ ಹುಟ್ಟಿಸಿ, ಆ ಪಟ್ಟಿಯ ಮೂಲಕ ಸೊಲೆನಾಯ್ಡಿನ ಸುರುಳಿಯನ್ನು ಹಿಡಿದಿಡುವುದರಿಂದ, ಪಿನಿಯನ್ (ಸ್ಟಾರ್ಟರಿನ ಸಣ್ಣ ಹಲ್ಲುಚಕ್ರ) ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲುಗಳಿಂದ ಕೂಡಲೇ ಹಿಂದೆ ಸರಿಯುವುದಿಲ್ಲ.

ಪಟ್ಟಿಯನ್ನೂ ಹಳೆಯ ಸೊಲೆನಾಯ್ಡನ್ನೂ ತೆಗೆದು, ಬ್ಯಾಟರಿಯ ದಪ್ಪ ಕೇಬಲನ್ನು ನೇರವಾಗಿ ಸ್ಟಾರ್ಟರಿಗೆ ತಂದಿದ್ದೇನೆ. ಹೊಸ ಸೊಲೆನಾಯ್ಡ್ ಎಳೆಯುವ ಕರೆಂಟನ್ನು ಹಳೆಯ ಕೀ ಸ್ವಿಚ್ ಬಹುಕಾಲ ತಾಳಲಾರದು. ಆದ್ದರಿಂದ ನಡುವೆ 40 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಹಾಕಿ, ಕೀಯಿಂದ ಬರುವ ತಂತಿಯನ್ನು ಅದರ 86 ಎಂದು ಗುರುತಿಸಿದ ಟರ್ಮಿನಲ್ಲಿಗೂ, ಅರ್ತನ್ನು (ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) 85ಕ್ಕೂ, ಫ್ಯೂಸ್ ದಾಟಿ ಬರುವ ಬ್ಯಾಟರಿ ತಂತಿಯನ್ನು 30ಕ್ಕೂ ಕೊಟ್ಟು, 87ರಿಂದ ಸ್ಟಾರ್ಟರಿನ ಸಣ್ಣ ಟರ್ಮಿನಲ್ಲಿಗೆ ಒಯ್ದಿದ್ದೇನೆ. ರಿಲೇ ಇಲ್ಲದೆಯೂ ನಡೆಯುತ್ತದೆ ಎಂಬ ಸಲಹೆಯೂ ಬಂದಿತ್ತು, ಆದರೆ ಆ ಹಳೆಯ ಸ್ವಿಚ್ ಮತ್ತೆ ಸಿಗುವುದು ಕಷ್ಟ.

ಅರ್ತನ್ನು ಮರೆಯಬಾರದು. ಎಂಜಿನ್ ಕರೆಂಟ್ ಹಾಯಿಸದ ರಬ್ಬರ್ ಮೌಂಟುಗಳ ಮೇಲೆ ಕೂರುವುದರಿಂದ, ಬಾಡಿಯ ಬಣ್ಣ ಕೆರೆದು, ಗೇರ್‌ಬಾಕ್ಸಿನಿಂದ ಅಲ್ಲಿಗೆ ಹೆಣೆದ ತಾಮ್ರದ ಪಟ್ಟಿ ಬಿಗಿದಿದ್ದೇನೆ. ಸ್ಟಾರ್ಟರ್ ತಿರುಗುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವೆ ಮೀಟರ್ ಈಗ 0.2 ವೋಲ್ಟ್ ಮಾತ್ರ ತೋರಿಸುತ್ತದೆ, ಅಂದರೆ ಅರ್ತ್ ಚೆನ್ನಾಗಿದೆ.